ಬೇರು ಸುತ್ತಿಕೊಂಡ ಮಾವಿನ ಗಿಡ ಮಾರಿದ್ದರ ಬಗ್ಗೆ ದೂರು

ನರ್ಸರಿ ಮಾಲೀಕರಿಗೆ,

ಮಾನ್ಯರೇ,

ಫೋನ್ ಮಾಡಿ ಸಾಕಾಗಿದೆ. "ಸಾಹೇಬ್ರು ಇಲ್ಲ, ನಾಳೆ ಮಾಡಿ" ಅನ್ನುವುದನ್ನು ಇನ್ನು ಕೇಳಲಾರೆ. ಅದಕ್ಕೇ ಈ ಪತ್ರ.

ಜೂನ್‌ನಲ್ಲಿ ನಿಮ್ಮಲ್ಲಿ 12 ಕರಿ ಇಶಾಡ ಕಸಿ ಗಿಡ ಕೊಂಡೆ. ನಮ್ಮ ಅಂಕೋಲೆಯ ಮಾವು, 2023ರಲ್ಲಿ ಜಿಐ, ಅಂದರೆ ಈ ಊರಿನದೇ ಬೆಳೆ ಎಂಬ ಸರಕಾರಿ ಮಾನ್ಯತೆ ಪಡೆದದ್ದು. ಆ ಹೆಸರು ಹೇಳಿಯೇ ಜಾಸ್ತಿ ದರ ತೆಗೆದುಕೊಂಡಿರಿ. ಮಳೆಗಾಲ ಪೂರ್ತಿ ಗಿಡ ಹಸಿರಾಗಿದ್ದವು. ಮಳೆ ನಿಂತದ್ದೇ ತಡ, ಒಂದೊಂದೇ ಬಾಡಿದವು. ತಪ್ಪದೆ ನೀರು ಹಾಕಿದರೂ 5 ಗಿಡ ಒಣಗಿಹೋದವು.

ಒಂದನ್ನು ಎಳೆದೆ, ಸಲೀಸಾಗಿ ಕೈಗೆ ಬಂತು. ಒಂದು ಬೇರೂ ಹೊರಗಿನ ಮಣ್ಣಿಗೆ ಹೋಗಿರಲಿಲ್ಲ. ಗುಂಡಿಯ ಮಣ್ಣು ಒದ್ದೆ, ಬೇರಿನ ಮುದ್ದೆಯೊಳಗೆ ಬರೀ ಪುಡಿ. ಬೇರೆಲ್ಲ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಅದರೊಳಗೆ ಇನ್ನೊಂದು ಸುತ್ತು, ಮೊದಲು ಗಿಡ ಬೆಳೆಸಿದ ಸಣ್ಣ ಕೊಟ್ಟೆಯ (ಪ್ಲಾಸ್ಟಿಕ್ ಚೀಲದ) ಅಚ್ಚು ಹಾಗೇ ಇತ್ತು. ಹಳೇ ಗಿಡವನ್ನು ಬೇರು ಬಿಡಿಸದೆ ದೊಡ್ಡ ಕೊಟ್ಟೆಗೆ ಇಳಿಸಿ, "ಈ ವರ್ಷದ ಕಸಿ" ಎಂದು ಮಾರಿದ್ದೀರಿ.

ಆ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ನಿಮ್ಮ ಕೌಂಟರಿಗೆ ತಂದೆ. ನಿಮ್ಮ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಟೇಬಲ್ ಹೊಲಸು ಮಾಡಬೇಡಿ ಅಕ್ಕಾ" ಅಂದ. ಬೇರು ನೋಡಪ್ಪಾ ಅಂದೆ. "ಕೊಟ್ಟೆ ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂದ. ಬಿಚ್ಚದೆ ಬೇರು ಕಾಣುವುದು ಹೇಗೆ ಎಂದು ಕೇಳಿದ್ದಕ್ಕೆ, ಅಲ್ಲಿದ್ದ ಗಿರಾಕಿಗಳಿಗೆ ಕೇಳುವ ಹಾಗೆ, "ನೀರು ಹಾಕಲು ಬಾರದವರು ಮಾವು ಯಾಕೆ ನೆಡ್ತಾರೋ" ಅಂದ. ಇಬ್ಬರು ನಕ್ಕರು. ಆಮೇಲೆ ಬಿಲ್ ಕಸಿದು, ಹಿಂದೆ "ನೀರಿನ ಕೊರತೆ" ಎಂದು ಗೀಚಿ, ನನ್ನ ಚೀಲದ ಮೇಲೆ ಒಗೆದ. ಉದುರಿದ ಮಣ್ಣನ್ನು ನಾನೇ ಕೈಯಿಂದ ಬಳಿದು ಬಂದೆ. ಚಿಕ್ಕಂದಿನಿಂದ ತೋಟದಲ್ಲೇ ದುಡಿದವಳು ನಾನು. ಹೀಗೆ ಯಾರೂ ಆಡಿರಲಿಲ್ಲ.

ಅದೇ ಬಿಲ್ಲಿನ ಮೂರನೇ ನಿಯಮ ನಿಮಗೆ ಗೊತ್ತೇ ಇದೆ. ಒಂದು ವರ್ಷದೊಳಗೆ ಕಸಿ ಗಿಡ ಸತ್ತರೆ ಬದಲಿ ಗಿಡ. ಅಚ್ಚು ಹಾಕಿಸಿದ್ದು ನೀವೇ ಅಲ್ವಾ?

ಉಳಿದ 7 ಗಿಡಗಳನ್ನು ನಾನೇ ಎಬ್ಬಿಸಿದೆ. ಗುಳ್ಳೆ ನಿಲ್ಲುವವರೆಗೆ ಬಕೆಟ್ಟಿನಲ್ಲಿ ನೆನೆಸಿ, ಮುದ್ದೆಯ ನಾಲ್ಕೂ ಬದಿ ಚಾಕುವಿನಿಂದ ಮೇಲಿಂದ ಕೆಳಕ್ಕೆ ಸೀಳಿ, ತಳದ ಸುರುಳಿ ಕತ್ತರಿಸಿ, ಬೇರು ಹೊರಕ್ಕೆ ಹರಡಿ ನೆಟ್ಟೆ. ಕಸಿಗಂಟು ಮಣ್ಣಿಗಿಂತ ಮೇಲೆ. ಬುಡಕ್ಕೆ ತಾಗದ ಹಾಗೆ ದರಕು (ಒಣ ಎಲೆ), ಬಿಸಿಲಿಗೆ ತೆಂಗಿನ ಗರಿ. ನೀರು ಸುತ್ತಲಿನ ಮಣ್ಣಿಗಷ್ಟೇ ಅಲ್ಲ, ಬೇರಿನ ಮುದ್ದೆಯ ಮೇಲೇ ನಿಧಾನವಾಗಿ. 4 ಚಿಗುರಿವೆ. ನೀರೇ ಕಾರಣವಾಗಿದ್ದರೆ ಇವು ಚಿಗುರುತ್ತಿದ್ದವೇ? ಕೊಡುವಾಗ ಒಂದು ಮಾತು ಹೇಳಿದ್ದರೂ ಅಷ್ಟೂ ಬದುಕುತ್ತಿದ್ದವು. ಬೇರು ಬಿಡಿಸದಿದ್ದರೆ ಮುಂದೆ ಅದೇ ಸುತ್ತು ದಪ್ಪವಾಗಿ ಕಾಂಡವನ್ನೇ ಬಿಗಿಯುತ್ತದೆ. ಹತ್ತು ವರ್ಷ ಸಾಕಿದ ಮರ ಒಂದು ಗಾಳಿಗೆ ಬೀಳಬಹುದು.

ಸತ್ತ 5 ಗಿಡಗಳ ಹಣ ಕೊಡಿ. ನಿಮ್ಮ ಬದಲಿ ಗಿಡ ನನಗೆ ಬೇಡ. ಆ ಹುಡುಗ ಕ್ಷಮೆ ಕೇಳಬೇಕು.

15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಬಿಲ್, ಅದರ ಹಿಂದಿನ ಗೀಚು, ಒಣಗಿದ ಬೇರು ಎಲ್ಲ ಇಟ್ಟುಕೊಂಡಿದ್ದೇನೆ. ಮುಂದಿನ ಜೂನ್‌ನಲ್ಲಿ ನಿಮ್ಮ ಗೇಟಿನ ಹೊರಗೆ ನಿಂತು, ಬಂದವರಿಗೆಲ್ಲ ಆ ಬೇರು ತೋರಿಸಿ, ಕೊಟ್ಟೆ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ ಎಂದು ಹೇಳುತ್ತೇನೆ.

ಇಂತಿ,
ಅಂಕೋಲೆಯ ನಿಮ್ಮ ಗ್ರಾಹಕಿ