ಹೋಮ್‌ಪೇಜ್ ಗ್ರಾಹಕರ ಪ್ರಶ್ನೆಗೆ ಉತ್ತರಿಸಲಿ

ಮಾನ್ಯ ಸಂಪಾದಕರೇ,

ಉದ್ಯಮಕ್ಕೆಂದು ವೆಬ್‌ಸೈಟ್ ಮಾಡಿಸಲು ಹೊರಟವರಿಗೆ ನಿಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬೇಕಿದೆ. ನಾನು ಡಿಸೈನರ್ ಅಲ್ಲ. ನೀರಿನ ಪಂಪ್ ಮಾರುವ, ರಿಪೇರಿ ಮಾಡುವ ಸಂಸ್ಥೆಯೊಂದರಲ್ಲಿ ಗ್ರಾಹಕರ ಫೋನ್ ಎತ್ತುವವಳು. ವೆಬ್‌ಸೈಟಿನಲ್ಲಿ ಹುಡುಕಿ ಹುಡುಕಿ ಸಾಕಾದವರು ಕೊನೆಗೆ ಮಾತಾಡುವುದು ನನ್ನ ಹತ್ತಿರವೇ.

ಅವರು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ ಥರ. ‘ಬರೀ ಮಾರ್ತೀರೋ, ರಿಪೇರಿನೂ ಮಾಡ್ತೀರೋ?’ ‘ಬೇರೆ ಕಂಪನಿ ಪಂಪ್ ಆದ್ರೂ ನೋಡ್ತೀರಾ?’ ‘ನಾವಿರೋ ಕಡೆಗೇ ಬರ್ತೀರಾ?’ ‘ಎಷ್ಟು ಗಂಟೆವರೆಗೆ ತೆಗೆದಿರುತ್ತೆ?’ ನಮ್ಮ ಹಳೆಯ ಹೋಮ್‌ಪೇಜಿನಲ್ಲಿ ಇದ್ಯಾವುದಕ್ಕೂ ಉತ್ತರವಿರಲಿಲ್ಲ. ಇಬ್ಬರು ಕೈಕುಲುಕುತ್ತಿರುವ ದೊಡ್ಡ ಚಿತ್ರ, ಅದರ ಮೇಲೆ ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಸಾಲು. ಈ ಸಾಲನ್ನು ಬ್ಯಾಂಕೂ ಹಾಕಿಕೊಳ್ಳಬಹುದು, ಬಟ್ಟೆ ಅಂಗಡಿಯೂ ಹಾಕಿಕೊಳ್ಳಬಹುದು. ಪಂಪ್ ಕೆಟ್ಟು ಟ್ಯಾಂಕ್ ಖಾಲಿಯಾಗಿ ಕೂತವರಿಗೆ ಅದರಿಂದ ಏನು ತಿಳಿಯಿತು? ‘ಎಲ್ಲ ಕಂಪನಿಗಳ ನೀರಿನ ಪಂಪ್ ರಿಪೇರಿ. ನೀವಿರುವಲ್ಲಿಗೇ ಬರುತ್ತೇವೆ’ ಎಂದು ಮೊದಲ ಸಾಲಿನಲ್ಲೇ ಇದ್ದರೆ ಸಾಕು. ಅದರ ಕೆಳಗೇ ಕೆಲಸದ ವೇಳೆ, ಒಂದೇ ಒಂದು ಎದ್ದು ಕಾಣುವ ‘ಕರೆ ಮಾಡಿ’ ಬಟನ್. ಸಂಸ್ಥೆಯ ಇತಿಹಾಸ, ಪ್ರಶಸ್ತಿ, ಮಾಲೀಕರ ಸಂದೇಶ ಇವೆಲ್ಲ ಒಳಪುಟದಲ್ಲಿರಲಿ, ಬೇಕಾದವರು ಹೋಗಿ ಓದುತ್ತಾರೆ.

ಫೋನ್ ನಂಬರಿನ ವಿಷಯ ಇನ್ನೂ ಬೇಸರದ್ದು. ಎಷ್ಟೋ ಕಡೆ ಅದನ್ನು ಬ್ಯಾನರ್ ಚಿತ್ರದೊಳಗೇ ಸೇರಿಸಿಬಿಡುತ್ತಾರೆ. ಮೊಬೈಲಿನಲ್ಲಿ ಅದನ್ನು ಒತ್ತಿದರೆ ಕರೆ ಹೋಗುವುದಿಲ್ಲ, ಸುಲಭವಾಗಿ ಕಾಪಿ ಮಾಡಲೂ ಆಗುವುದಿಲ್ಲ. ಕಣ್ಣು ಕಾಣದ ಗ್ರಾಹಕರೊಬ್ಬರು ಬೇರೆಯವರಿಂದ ನಂಬರ್ ಓದಿಸಿಕೊಂಡು ನಮಗೆ ಫೋನ್ ಮಾಡಿದ್ದರು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಅವರ ಮೊಬೈಲಿನ ಸ್ಕ್ರೀನ್ ರೀಡರ್ ಆ ಜಾಗದಲ್ಲಿ ‘ಚಿತ್ರ’ ಎಂದಷ್ಟೇ ಹೇಳುತ್ತಿತ್ತಂತೆ. ನಂಬರನ್ನು ಅಕ್ಷರದಲ್ಲೇ ಬರೆದು ಕರೆಯ ಲಿಂಕ್ ಕೊಡುವುದು ಡಿಸೈನರ್‌ಗೆ ಒಂದು ಸಾಲಿನ ಕೆಲಸ.

ಒಂದಾದ ಮೇಲೊಂದು ಚಿತ್ರ, ಬರಹ ತಾನೇ ಸರಿಯುತ್ತ ಹೋಗುವ ಸ್ಲೈಡರ್‌ಗಳನ್ನಂತೂ ದಯವಿಟ್ಟು ಬಿಡಿ. ವಯಸ್ಸಾದವರು ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಹೀಗೆ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಚಲಿಸುವುದನ್ನು ನಿಲ್ಲಿಸಲು ಓದುಗರಿಗೆ ದಾರಿಯಿರಬೇಕು ಎಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಮಾರ್ಗಸೂಚಿಯೇ ಹೇಳುತ್ತದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಹಾಕುವವರೂ ಆ ಮಾರ್ಗಸೂಚಿಯನ್ನು ನೋಡಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು ಎಂದಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ. ಕ್ಯಾಮೆರಾದಿಂದ ತೆಗೆದ ಭಾರೀ ಫೋಟೊಗಳನ್ನು ಹಾಗೆಯೇ ಏರಿಸಿದರೆ ಅದು ಆಗುವ ಮಾತಲ್ಲ.

ವೆಬ್‌ಸೈಟಿನ ಮೀಟಿಂಗಿಗೆ ಮಾಲೀಕರು, ಮ್ಯಾನೇಜರು, ಡಿಸೈನರ್ ಕೂರುತ್ತಾರೆ. ಫೋನ್ ಎತ್ತುವವರನ್ನು, ಕೌಂಟರಿನಲ್ಲಿ ನಿಲ್ಲುವವರನ್ನು ಯಾರೂ ಕರೆಯುವುದಿಲ್ಲ. ಗ್ರಾಹಕ ಯಾವ ಮಾತಿನಲ್ಲಿ ಕೇಳುತ್ತಾನೆ ಎಂಬುದು ಗೊತ್ತಿರುವುದು ಅವರಿಗೇ. ಒಂದು ವಾರ ಬಂದ ಪ್ರಶ್ನೆಗಳನ್ನು ಅವರಿಂದ ಬರೆಸಿ, ಆ ಪಟ್ಟಿಯನ್ನು ಡಿಸೈನರ್ ಕೈಗೆ ಕೊಡಿ. ಪುಟ ಸಿದ್ಧವಾದ ಮೇಲೆ ನಿಮ್ಮ ಸಂಸ್ಥೆಯ ಪರಿಚಯವೇ ಇಲ್ಲದ ಒಬ್ಬರಿಗೆ ಮೊಬೈಲಿನಲ್ಲಿ 5 ಸೆಕೆಂಡ್ ತೋರಿಸಿ, ‘ಇವರು ಏನು ಮಾಡ್ತಾರೆ?’ ಎಂದು ಕೇಳಿ. ಅವರು ತಡವರಿಸಿದರೆ ಮೊದಲ ಸಾಲನ್ನು ಮತ್ತೆ ಬರೆಯಿರಿ.

ಇನ್ನೊಂದು ವಿಷಯ. ಪುಟವನ್ನು ತಿದ್ದುವ ಪಾಸ್‌ವರ್ಡನ್ನು ವೆಬ್‌ಸೈಟ್ ಮಾಡಿಕೊಟ್ಟವರಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಕೆಲಸದ ವೇಳೆ ಬದಲಾದರೆ ಅದೇ ದಿನ ಪುಟದಲ್ಲೂ ಬದಲಿಸುವ ಹೊಣೆಯನ್ನು ಕಚೇರಿಯ ಒಬ್ಬರಿಗೆ ವಹಿಸಿ. ಹಳೆಯ ವೇಳೆ ನೋಡಿಕೊಂಡು ದೂರದಿಂದ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತು ಫೋನ್ ಮಾಡುವವರಿಗೆ ನಾನು ಕೊಡಬಹುದಾದ ಸಮಾಧಾನ ಯಾವುದೂ ಇರುವುದಿಲ್ಲ.

ಇತಿ,
ಗ್ರಾಹಕ ಸೇವಾ ವಿಭಾಗದ ಉದ್ಯೋಗಿ