ಅಂಡಮಾನ್ ‘ಫ್ಯಾಮಿಲಿ ಪ್ಯಾಕೇಜ್’ ಬಗ್ಗೆ ದೂರು: ಸಮುದ್ರದ ಟೈಮ್‌ಟೇಬಲ್ ನೋಡದೆ ಮಾಡಿದ ಪ್ರವಾಸ

ಗೆ,
ಮ್ಯಾನೇಜರ್, ಗ್ರಾಹಕ ಸೇವೆ,
ನಿಮ್ಮ ಟೂರ್ ಕಂಪನಿ, ಬೆಂಗಳೂರು

ವಿಷಯ: ಅಂಡಮಾನ್ ಫ್ಯಾಮಿಲಿ ಪ್ಯಾಕೇಜಿನಲ್ಲಿ ಆದ ಎಡವಟ್ಟುಗಳು ಮತ್ತು ಹಣ ವಾಪಸ್ ಕೊಡುವ ಬಗ್ಗೆ

ನಮಸ್ಕಾರ.

ಡಿಸೆಂಬರ್‌ನಲ್ಲಿ ನಿಮ್ಮ ಮೂಲಕ ಅಂಡಮಾನ್‌ಗೆ ಹೋಗಿ ಬಂದ ಮೈಸೂರಿನ ಕುಟುಂಬ ನಮ್ಮದು. ನಾನು, ನನ್ನ ಗಂಡ, 10 ವರ್ಷದ ಮಗಳು, 6 ವರ್ಷದ ಮಗ, 70 ದಾಟಿದ ನಮ್ಮತ್ತೆ. ವಾಪಸ್ ಬಂದ ಮೇಲೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ, ಮೇಲ್ ಕಳಿಸಿದೆ. ಎರಡಕ್ಕೂ ಸಿಕ್ಕಿದ್ದು ಒಂದೇ ಉತ್ತರ: “ಮೇಡಂ, ಪ್ರಕೃತಿ ನಮ್ಮ ಕೈಯಲ್ಲಿ ಇಲ್ಲ.” ಸರಿ, ಒಪ್ಪಿದೆ. ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅನ್ನೋದು ನಿಮ್ಮ ಕೈಯಲ್ಲಿ ಇಲ್ಲ. ಆದರೆ ಅದನ್ನು ಒಂದು ಸಲ ನೋಡಿಕೊಂಡು ಐಟಿನರಿ ಮಾಡೋದು ನಿಮ್ಮ ಕೈಯಲ್ಲೇ ಇತ್ತಲ್ವಾ? ಅದಕ್ಕೇ ತಾನೇ ನಾವು ನಿಮಗೆ ದುಡ್ಡು ಕೊಟ್ಟಿದ್ದು? ಇಲ್ಲದಿದ್ದರೆ ಟಿಕೆಟ್, ಹೋಟೆಲ್ ಎಲ್ಲ ನಾವೇ ಬುಕ್ ಮಾಡಿಕೊಳ್ಳುತ್ತಿದ್ದೆವು, ಈಗ ಅದೇನು ದೊಡ್ಡ ವಿಷಯ ಅಲ್ಲ.

ಹೋಟೆಲ್ ಬಗ್ಗೆ ದೂರಿಲ್ಲ. ಊಟ ಪರವಾಗಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳೂ ಹೇಳಿದ ಹೊತ್ತಿಗೇ ಬಿಟ್ಟವು. ಸೆಲ್ಯುಲಾರ್ ಜೈಲ್ ಚೆನ್ನಾಗಿ ನೋಡಿದೆವು. ನನ್ನ ದೂರು ಇರೋದು ನೀವು ‘ಮಕ್ಕಳು, ಹಿರಿಯರು ಎಲ್ಲರೂ ಆರಾಮಾಗಿ ಮಾಡಬಹುದಾದ ಸುಲಭದ ನಡಿಗೆಗಳು’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಲ್ಲ, ಆ ಭಾಗದ ಬಗ್ಗೆ. ಈ ಪ್ಯಾಕೇಜ್ ತೆಗೆದುಕೊಂಡಿದ್ದೇ ಅದನ್ನು ನೋಡಿ.

ಮೊದಲು ನೀಲ್ ದ್ವೀಪ. ಈಗ ಶಹೀದ್ ದ್ವೀಪ್ ಅನ್ನುತ್ತಾರೆ. ಅಲ್ಲಿನ ನ್ಯಾಚುರಲ್ ಬ್ರಿಡ್ಜ್‌ಗೆ ನಿಮ್ಮ ಪಟ್ಟಿಯಲ್ಲಿ ಬೆಳಿಗ್ಗೆ 11 ಗಂಟೆ ಅಂತ ಬರೆದಿತ್ತು. ಬಂಡೆ ಕೊರೆದು ಕಮಾನಿನ ಹಾಗೆ ಆಗಿರುವ ಜಾಗ ಅದು, ಅಲ್ಲಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಅಂತ ಹೆಸರಿಟ್ಟುಕೊಂಡಿದ್ದಾರೆ. ಅಲ್ಲಿಗೆ ಹೋಗೋಕೆ ರಸ್ತೆ ಇಲ್ಲ. ಮೆಟ್ಟಿಲು ಇಳಿದು, ಸತ್ತ ಹವಳದ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟುಕೊಂಡು ನಡೆಯಬೇಕು. ಸಮುದ್ರ ಇಳಿದಿದ್ದಾಗ ಮಾತ್ರ ಅದು ಸಾಧ್ಯ. ಅಷ್ಟೇ ಅಲ್ಲ, ಆ ಜಾಗದ ನಿಜವಾದ ಮಜಾ ಇರೋದೂ ಇಳಿತದಲ್ಲೇ. ಕಲ್ಲುಗಳ ನಡುವೆ ಉಳಿದ ನೀರಿನ ಗುಂಡಿಗಳಲ್ಲಿ ಏಡಿ, ಸಮುದ್ರ ಸೌತೆ ಅನ್ನುವ ಮೆತ್ತನೆಯ ಪ್ರಾಣಿ, ಬಣ್ಣದ ಸಣ್ಣ ಮೀನು ಎಲ್ಲ ಕಾಣುತ್ತವೆ. ಅಲ್ಲಿನ ಹುಡುಗರೇ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದಾಗಿ ತೋರಿಸುತ್ತಾರೆ.

ನಾವು 11ಕ್ಕೆ ಹೋದಾಗ ನೀರು ತುಂಬಿಕೊಳ್ಳುತ್ತಾ ಇತ್ತು. ನಮ್ಮತ್ತೆ ಕುಮಟಾದವರು, ಕಡಲ ಪಕ್ಕ ಹುಟ್ಟಿ ಬೆಳೆದವರು. ಕೆಳಗಿನ ಮೆಟ್ಟಿಲ ಮೇಲೆ ನಿಂತು ಒಂದು ಕ್ಷಣ ನೋಡಿ, “ಇದು ಹೋಗೋ ಹೊತ್ತಲ್ಲ, ನೀರು ಏರ್ತಾ ಇದೆ” ಅಂದರು. ಅಷ್ಟೇ. ಅವರಿಗೆ ಒಂದು ನೋಟಕ್ಕೆ ತಿಳಿದದ್ದು ನಿಮ್ಮ ಇಡೀ ಆಫೀಸಿಗೆ ತಿಳಿದಿರಲಿಲ್ಲ. ನಿಮ್ಮ ಕಡೆಯಿಂದ ಬಂದಿದ್ದ ಹುಡುಗ ಮಾತ್ರ “ಏನಾಗಲ್ಲ ಮೇಡಂ, ಸ್ವಲ್ಪ ದೂರ ಹೋಗಿ ಫೋಟೋ ತೆಗೆದುಕೊಂಡು ಬನ್ನಿ” ಅಂತ ಮಗಳನ್ನು ಮುಂದೆ ಬಿಟ್ಟ. ಸ್ವಲ್ಪ ಹೋಗುವುದರೊಳಗೆ ಅವಳ ಚಪ್ಪಲಿಯ ಪಟ್ಟಿ ಕಿತ್ತುಬಂತು, ಹಿಮ್ಮಡಿಗೆ ಹವಳದ ಚೂಪು ತಾಗಿ ಉದ್ದಕ್ಕೆ ಸೀಳಿತು. ಮೇಲೆ ನಿಂಬೂ ಪಾನಿ ಮಾರುತ್ತಿದ್ದ ಹೆಂಗಸು ತನ್ನ ಕುಡಿಯುವ ನೀರಿನ ಬಾಟಲಿಯಿಂದಲೇ ಕಾಲು ತೊಳೆದು, ಸೆರಗಿನ ತುದಿಯಿಂದ ಮರಳು ಒರೆಸಿ, ಕರವಸ್ತ್ರ ಕಟ್ಟಿದರು. ನಿಮ್ಮ ಹುಡುಗನ ಹತ್ತಿರ ಒಂದು ಬ್ಯಾಂಡೇಜ್ ಪಟ್ಟಿಯೂ ಇರಲಿಲ್ಲ. ಸಮುದ್ರ ಸೌತೆಯನ್ನು ನನ್ನ ಮಕ್ಕಳು ನೋಡಿದ್ದು ಅಲ್ಲಿನ ಗೈಡ್ ಒಬ್ಬರ ಮೊಬೈಲಿನಲ್ಲಿ.

ಊರಿಗೆ ಬಂದ ಮೇಲೆ ನಾನು ಮಾಡಿದ ಕೆಲಸ ಏನು ಗೊತ್ತಾ? ಬೇರೆ ತಿಂಗಳಲ್ಲಿ ನಿಮ್ಮ ಜೊತೆ ಹೋಗಿದ್ದ ಪರಿಚಯದವರ ಐಟಿನರಿ ತರಿಸಿ ನೋಡಿದೆ. ಅದರಲ್ಲೂ ನ್ಯಾಚುರಲ್ ಬ್ರಿಡ್ಜ್, ಬೆಳಿಗ್ಗೆ 11. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಸ್ವಾಮಿ. ಇವತ್ತು 11ಕ್ಕೆ ನೀರು ಇಳಿದಿದ್ದರೆ ಒಂದು ವಾರಕ್ಕೆಲ್ಲ ಅದೇ 11ಕ್ಕೆ ತುಂಬಿರುತ್ತದೆ. ಇದನ್ನು ತಿಳಿಯೋಕೆ ವಿಜ್ಞಾನಿ ಆಗಬೇಕಿಲ್ಲ. ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿ ಮೊದಲೇ ಪ್ರಕಟಿಸುತ್ತಾರೆ, ಪೋರ್ಟ್ ಬ್ಲೇರ್ ಅದರಲ್ಲಿದೆ. ಮೊಬೈಲಿನಲ್ಲೂ ಸಿಗುತ್ತದೆ. ಹಾಗಾದರೆ ನೀವು ಎಂದೋ ಮಾಡಿದ ಒಂದು ಕಾಗದವನ್ನೇ ತಾರೀಖು ಬದಲಾಯಿಸಿ ಎಲ್ಲರಿಗೂ ಕಳಿಸುತ್ತಿದ್ದೀರಿ. ಇದಕ್ಕೆ ಪ್ಲಾನಿಂಗ್ ಅನ್ನಬೇಕಾ?

ಸೂರ್ಯಾಸ್ತದ ಕಥೆಯೂ ಇದೇ. ಹ್ಯಾವ್‌ಲಾಕ್, ಅಂದರೆ ಸ್ವರಾಜ್ ದ್ವೀಪ್‌ನಲ್ಲಿ ರಾಧಾನಗರ ಬೀಚ್. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೆಯ ಬೀಚ್ ಅಂತ ಹೊಗಳಿದ ಜಾಗ. 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಕೂಡ ಸಿಕ್ಕಿತು, ನಮ್ಮ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿದ ಅದೇ ಸಲ. ಇದನ್ನೆಲ್ಲ ನಿಮ್ಮ ಬ್ರೋಷರ್‌ನಲ್ಲಿ ಚೆನ್ನಾಗಿ ಬರೆದಿದ್ದೀರಿ. ಕೆಳಗೆ ‘ಸಂಜೆ 5:30ಕ್ಕೆ ಸೂರ್ಯಾಸ್ತ ವೀಕ್ಷಣೆ’ ಅಂತಲೂ ಇದೆ. ಅಂಡಮಾನ್ ಇರೋದು ನಮಗಿಂತ ಎಷ್ಟೋ ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ಮದೇ. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ 6ರ ಆಸುಪಾಸು ಮುಳುಗುವ ಸೂರ್ಯ ಅಲ್ಲಿ 5ಕ್ಕೆಲ್ಲ ಮುಳುಗುತ್ತಾನೆ. ನಿಮ್ಮ ಗಾಡಿ ನಮ್ಮನ್ನು ಇಳಿಸಿದಾಗ 5:20. ಜನ ಮರಳು ಕೊಡವಿಕೊಂಡು ವಾಪಸ್ ಬರುತ್ತಿದ್ದರು, ಲೈಫ್‌ಗಾರ್ಡ್ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಿದ್ದರು. ಮಕ್ಕಳು ಕಾಲು ನೆನೆಸಿದ್ದೇ ಬಂತು. ಏಷ್ಯಾದ ಒಳ್ಳೆಯ ಬೀಚನ್ನು ಕತ್ತಲಲ್ಲಿ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ, ನೀವೇ ಹೇಳಿ.

ಎಲಿಫೆಂಟ್ ಬೀಚ್ ನಡಿಗೆ. ನೀವು ಬರೆದದ್ದು: ‘15 ನಿಮಿಷದ ಸುಲಭ ಕಾಡುದಾರಿ.’ ರಾಧಾನಗರಕ್ಕೆ ಹೋಗುವ ರಸ್ತೆಯಿಂದ ಬೀಚಿಗೆ ಇರೋದು ಸುಮಾರು 2 ಕಿಲೋಮೀಟರ್. ಆರೋಗ್ಯವಾಗಿರುವ ದೊಡ್ಡವರಿಗೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಹಿಂದಿನ ರಾತ್ರಿ ಮಳೆ ಬಂದಿತ್ತು. ದಾರಿಯೆಲ್ಲ ಬೇರು, ಅದರ ನಡುವೆ ಕೆಸರು, ಅದೂ ಎಂಥ ಕೆಸರು ಅಂದರೆ ಮಗ ಒಂದು ಕಾಲು ಎತ್ತಿದರೆ ಶೂ ಒಳಗೇ ಉಳಿಯುತ್ತಿತ್ತು. ಕೊನೆಯಲ್ಲಿ ಮ್ಯಾಂಗ್ರೋವ್ ಪಕ್ಕದ ಒಂದು ತುಂಡು ದಾರಿ ಇದೆ. ಉಬ್ಬರದ ಹೊತ್ತಿಗೆ ಅಲ್ಲಿ ನೀರು ನುಗ್ಗುತ್ತದೆ, ಆಗ ಮೊಣಕಾಲು ಮಟ್ಟದ ನೀರಲ್ಲಿ ದಾಟಬೇಕು. ಇದನ್ನು ಯಾರೂ ಹೇಳಿರಲಿಲ್ಲ. ನಮ್ಮತ್ತೆ ಮೊದಲ ಇಳಿಜಾರಲ್ಲೇ “ನೀವು ಹೋಗಿ ಬನ್ನಿ” ಅಂದುಬಿಟ್ಟರು, ಅವರ ಜೊತೆ ನಾನೂ ರಸ್ತೆಗೆ ವಾಪಸ್ ಬಂದೆ. ಕೂರೋಕೆ ಒಂದು ಬೆಂಚ್ ಕೂಡ ಇರಲಿಲ್ಲ, ನಿಮ್ಮ ಗಾಡಿ ಬೇರೆ ಗಿರಾಕಿಗಳನ್ನು ತರೋಕೆ ಹೋಗಿತ್ತು. ಅದೇ ಬೀಚಿಗೆ ಹ್ಯಾವ್‌ಲಾಕ್ ಜೆಟ್ಟಿಯಿಂದ ದೋಣಿಯಲ್ಲಿ ಸುಮಾರು 20 ನಿಮಿಷದಲ್ಲಿ ಹೋಗಬಹುದು ಅಂತ ನನಗೆ ಗೊತ್ತಾಗಿದ್ದು ರಸ್ತೆ ಬದಿ ಎಳನೀರು ಮಾರುವವರಿಂದ. ಮಂಡಿ ನೋವಿರುವ ಅಜ್ಜಿ, ಚಿಕ್ಕ ಮಗು ಇದ್ದಾರೆ ಅಂತ ಬುಕಿಂಗ್ ಫಾರ್ಮಿನಲ್ಲಿ ನಾನೇ ಬರೆದಿದ್ದೆ. ಆ ಫಾರ್ಮನ್ನು ಯಾರಾದರೂ ಓದಿದರಾ?

ಇನ್ನು ಆನೆ. ಬ್ರೋಷರ್‌ನ ಮುಖಪುಟದಲ್ಲಿ ನೀಲಿ ನೀರಿನಲ್ಲಿ ಈಜುವ ಆನೆಯ ಚಿತ್ರ ಹಾಕಿದ್ದೀರಿ, ಕೆಳಗೆ ಎಲಿಫೆಂಟ್ ಬೀಚ್ ಅಂತ ಹೆಸರು. ನನ್ನ ಮಗ ಹೊರಡುವ ಮುಂಚೆಯಿಂದ ಆ ಆನೆಯ ಚಿತ್ರ ಬಿಡಿಸಿ ಬಿಡಿಸಿ ಫ್ರಿಡ್ಜಿಗೆ ಅಂಟಿಸಿದ್ದ. ಹ್ಯಾವ್‌ಲಾಕ್‌ನಲ್ಲಿ ಈಜುತ್ತಿದ್ದ ಆ ರಾಜನ್ ಆನೆ 2016ರಲ್ಲೇ ತೀರಿಕೊಂಡಿದೆ. ಹಿಂದೆ ಅಲ್ಲಿ ಮರದ ದಿಮ್ಮಿ ಸಾಗಿಸೋಕೆ ಆನೆಗಳಿದ್ದವು, ಈಗ ಆ ಕೆಲಸವೂ ಇಲ್ಲ, ಬೀಚಿನಲ್ಲಿ ಆನೆಯೂ ಇಲ್ಲ. ಮಗ ಡ್ರೈವರ್ ಅಣ್ಣನನ್ನು “ಆನೆ ಎಷ್ಟು ಗಂಟೆಗೆ ಬರುತ್ತೆ?” ಅಂತ ಹಿಂದಿಯಲ್ಲಿ ತೊದಲಿ ತೊದಲಿ ಕೇಳಿದಾಗ ಆ ಮನುಷ್ಯ ನನ್ನ ಮುಖ ನೋಡಿದರು. ಸತ್ತ ಆನೆಯನ್ನು ತೋರಿಸಿ ಮಕ್ಕಳ ಪ್ಯಾಕೇಜ್ ಮಾರೋದು ಸರಿನಾ?

ರಾಸ್ ದ್ವೀಪಕ್ಕೆ ನಮ್ಮನ್ನು ಹಾಕಿದ್ದು ಬುಧವಾರ. ಬುಧವಾರ ಅಲ್ಲಿಗೆ ರಜೆ. ಪೋರ್ಟ್ ಬ್ಲೇರ್‌ನಲ್ಲಿ ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ. ಜಾಸ್ತಿ ಬರೆಯೋದಿಲ್ಲ. ಅವತ್ತು ನಮ್ಮ ದಿನ ಉಳಿಸಿದ್ದು ಅಲ್ಲಿನ ಡ್ರೈವರ್. ಚಾಥಮ್‌ನ ಮರ ಕೊಯ್ಯುವ ಕಾರ್ಖಾನೆ ತೋರಿಸಿದರು, 1883ರಿಂದ ಇರೋದು. ಮಕ್ಕಳು ದೊಡ್ಡ ದೊಡ್ಡ ದಿಮ್ಮಿ ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಆಮೇಲೆ ಚಿಡಿಯಾ ಟಾಪುಗೆ ಕರೆದುಕೊಂಡು ಹೋಗಿ, ಮೊಸಳೆ ಭಯ ಇದೆ, ಅಲ್ಲಿ ನೀರಿಗೆ ಇಳಿಸಬೇಡಿ ಅಂತ ಮೊದಲೇ ಎಚ್ಚರಿಸಿ, ಮರದ ನೆರಳಲ್ಲಿ ಕೂರಿಸಿದರು. ಅತ್ತೆ ಇಡೀ ಪ್ರವಾಸದಲ್ಲಿ ಆರಾಮಾಗಿ ಕೂತು ಸಮುದ್ರ ನೋಡಿದ್ದು ಅಲ್ಲೇ, 4:30ಕ್ಕೆಲ್ಲ ಸೇರಿದ್ದರಿಂದ ಸೂರ್ಯ ಮುಳುಗೋದೂ ಸಿಕ್ಕಿತು. ಇವೆರಡೂ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಇಂಥ ಕುಟುಂಬಕ್ಕೆ ಹೊಂದುವ ಜಾಗ ಅಲ್ಲಿ ಇಲ್ಲ ಅಂತಲ್ಲ, ಹುಡುಕುವ ತಾಳ್ಮೆ ನಿಮಗಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಬಾರಾಟಾಂಗ್ ದ್ವೀಪಕ್ಕೆ ಹೋದ ದಿನ. ಸುಣ್ಣದ ಕಲ್ಲಿನ ಗುಹೆ ಚೆನ್ನಾಗಿದೆ, ಮ್ಯಾಂಗ್ರೋವ್ ಸುರಂಗದೊಳಗೆ ದೋಣಿ ಹೋಗುವಾಗ ಮಕ್ಕಳು ಒಂದು ಮಾತೂ ಆಡಲಿಲ್ಲ, ಅಷ್ಟು ಚೆನ್ನಾಗಿದೆ. ಆದರೆ ಬೆಳಿಗ್ಗೆ 3 ಗಂಟೆಗೆ ಎದ್ದು ಹೊರಡಬೇಕು, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಕಾನ್‌ವಾಯ್‌ಗೆ, ಅಂದರೆ ಗಾಡಿಗಳನ್ನೆಲ್ಲ ಒಟ್ಟಿಗೆ ಸಾಲಾಗಿ ಬಿಡೋದಕ್ಕೆ, ಕಾಯಬೇಕು, ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ, ಆಚೆ ದಂಡೆಗೆ ಫೆರಿ, ಆಮೇಲೆ ದೋಣಿ, ಆಮೇಲೆ ಬಿಸಿಲಲ್ಲಿ ಒಂದೂವರೆ ಕಿಲೋಮೀಟರ್ ನಡಿಗೆ, ಮತ್ತೆ ಇದೇ ದಾರಿಯಲ್ಲಿ ವಾಪಸ್, ಇದೆಲ್ಲ ಬುಕಿಂಗ್ ಮಾಡುವಾಗಲೇ ಹೇಳಬೇಕಾದ ಮಾತು. ಹಿಂದಿನ ರಾತ್ರಿ 9ಕ್ಕೆ ವಾಟ್ಸಾಪ್‌ನಲ್ಲಿ ‘ಪಿಕಪ್ 3 ಎಎಂ’ ಅಂತ ಕಳಿಸೋದಲ್ಲ. ಅತ್ತೆ ರೂಮಲ್ಲೇ ಉಳಿದರು, ಅವರ ಪಾಲಿನ ದುಡ್ಡು ನಿಮ್ಮ ಹತ್ತಿರವೇ ಇದೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ಎಕ್ಸಿಕ್ಯೂಟಿವ್ ಅದೇ ಮೆಸೇಜಿನಲ್ಲಿ, “ಲಕ್ ಇದ್ದರೆ ದಾರಿಯಲ್ಲಿ ಜಾರವಾ ಜನ ಕಾಣಿಸುತ್ತಾರೆ, ಮಕ್ಕಳಿಗೆ ಸಫಾರಿ ಥರ ಮಜಾ ಇರುತ್ತೆ” ಅಂತ ಬರೆದಿದ್ದಾರೆ. ಸ್ಕ್ರೀನ್‌ಶಾಟ್ ಇದರ ಜೊತೆ ಲಗತ್ತಿಸಿದ್ದೇನೆ. ಜಾರವಾ ಅಂದರೆ ಅಲ್ಲಿನ ಆದಿವಾಸಿಗಳು, ಆ ರಸ್ತೆ ಹೋಗೋದು ಅವರು ಬದುಕುವ ಕಾಡಿನ ನಡುವೆ. ಅವರ ರಕ್ಷಣೆಗೆ 1956ರಿಂದಲೇ ಕಾನೂನು ಇದೆ, 2012ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಫೋಟೋ ತೆಗೆಯೋದು, ತಿಂಡಿ ಕೊಡೋದು ಎಲ್ಲ ಅಪರಾಧ. ಮನುಷ್ಯರನ್ನು ಸಫಾರಿ ಅಂತ ಮಾರ್ತೀರಾ? ಅವತ್ತು ಡ್ರೈವರ್ ಕಿಟಕಿ ಏರಿಸಿ, ಕ್ಯಾಮೆರಾ ಒಳಗಿಡಿ ಅಂತ ಖಡಕ್ಕಾಗಿ ಹೇಳಿದರು. ಅವರಿಗಿದ್ದ ತಿಳಿವಳಿಕೆ ಬೆಂಗಳೂರಿನ ಏಸಿ ರೂಮಿನಲ್ಲಿ ಕೂತವರಿಗೆ ಇರಲಿಲ್ಲ. ಇದು ಹಣ ವಾಪಸ್ ಕೊಟ್ಟು ಮುಗಿಸುವ ವಿಷಯ ಅಲ್ಲ, ಇದಕ್ಕೆ ನನಗೆ ಬೇರೆಯಾಗಿಯೇ ಲಿಖಿತ ಉತ್ತರ ಬೇಕು.

ಈಗ ಲೆಕ್ಕಕ್ಕೆ ಬರೋಣ. ನೀವು ನಮ್ಮಿಂದ ತೆಗೆದುಕೊಂಡದ್ದು ವಿಮಾನ ಬಿಟ್ಟು 1,42,000 ರೂಪಾಯಿ. ನಾನು ಪೂರ್ತಿ ಕೇಳುತ್ತಿಲ್ಲ. ಹೋಟೆಲ್‌ನಲ್ಲಿ ಮಲಗಿದ್ದೇವೆ, ಹಡಗಿನಲ್ಲಿ ಕೂತಿದ್ದೇವೆ, ಅದು ನಿಮ್ಮದು. ರಾಸ್ ದ್ವೀಪದ ದೋಣಿ ಮತ್ತು ಗೈಡ್ ಹಣ, ಎಲಿಫೆಂಟ್ ಬೀಚ್ ಟ್ರೆಕ್ ಚಾರ್ಜ್, ನ್ಯಾಚುರಲ್ ಬ್ರಿಡ್ಜ್ ಗೈಡ್ ಚಾರ್ಜ್, ಬಾರಾಟಾಂಗ್‌ನಲ್ಲಿ ಅತ್ತೆಯ ಪಾಲು, ಬುಧವಾರ ನಾವು ಕೈಯಿಂದ ಕೊಟ್ಟ ಗಾಡಿ ಬಾಡಿಗೆ, ಮಗಳಿಗೆ ಇಂಜೆಕ್ಷನ್ ಹಾಕಿಸಿದ ಖರ್ಚು. ನಿಮ್ಮದೇ ಬಿಲ್ಲಿನಲ್ಲಿ ಇರುವ ದರ ಹಾಕಿ ಕೂಡಿದರೆ 21,400 ರೂಪಾಯಿ ಆಗುತ್ತದೆ. ರಸೀದಿಗಳ ಪ್ರತಿ ಇದರ ಜೊತೆ ಇದೆ. ಮುಂದಿನ ಪ್ರವಾಸಕ್ಕೆ 10 ಪರ್ಸೆಂಟ್ ಡಿಸ್ಕೌಂಟ್ ಕೂಪನ್ ಅಂತ ಮೇಲ್ ಕಳಿಸಿದ್ದೀರಲ್ಲ, ಅದು ಬೇಡ. ದಯವಿಟ್ಟು ಮತ್ತೆ ಕಳಿಸಬೇಡಿ.

ಹಣದ ಜೊತೆಗೆ ಬ್ರೋಷರ್ ಕೂಡ ಸರಿಯಾಗಬೇಕು. ನಡಿಗೆಯ ನಿಜವಾದ ದೂರ, ಇಳಿತದ ಹೊತ್ತು, ಆ ತಿಂಗಳ ಸೂರ್ಯಾಸ್ತ, ವಾರದ ರಜೆ, ದೋಣಿಯಲ್ಲಿ ಹೋಗುವ ದಾರಿ ಇದ್ದರೆ ಅದೂ, ಇಷ್ಟನ್ನು ಬರೆಯಿರಿ. ಆ ಆನೆಯ ಚಿತ್ರ ತೆಗೆಯಿರಿ.

ಈ ಪತ್ರ ಸೇರಿದ 15 ದಿನದೊಳಗೆ ಹಣ, ಉತ್ತರ ಎರಡೂ ಬರಬೇಕು. ಬರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡುತ್ತೇನೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇನ್ನೊಂದು ಸಲ “ಪ್ರಕೃತಿ ನಮ್ಮ ಕೈಯಲ್ಲಿ ಇಲ್ಲ” ಅಂತ ಫೋನ್ ಮಾಡಿಸಬೇಡಿ, ಏನಿದ್ದರೂ ಬರಹದಲ್ಲೇ ಇರಲಿ. ಬ್ಯಾಂಕ್ ಖಾತೆಯ ವಿವರ ಬುಕಿಂಗ್ ಮೇಲ್‌ನಲ್ಲೇ ಇದೆ, ಅದೇ ಖಾತೆಗೆ ಹಾಕಿ.

ಇಂತಿ,
ಡಿಸೆಂಬರ್ ಬ್ಯಾಚಿನ ಗ್ರಾಹಕಿ, ಮೈಸೂರು

ಲಗತ್ತು: ನೀವು ಕಳಿಸಿದ ಐಟಿನರಿ, ವಾಟ್ಸಾಪ್ ಸ್ಕ್ರೀನ್‌ಶಾಟ್, ರಸೀದಿಗಳು, ಮಗಳ ಕಾಲಿನ ಫೋಟೋ