ದಾಟುವುದು ಸಕ್ಕರೆ, ಇನ್ಸುಲಿನ್ ಅಲ್ಲ

ಪ್ರಿಯ ಮುನಿರಾಜು,

ನಿನ್ನ ಪತ್ರ ತಲುಪಿತು. ಏಳು ತಿಂಗಳ ಗರ್ಭಿಣಿಯಾದ ತಂಗಿಗೆ ರಕ್ತದ ಸಕ್ಕರೆ ಇಳಿಸಲು ವೈದ್ಯರು ಇನ್ಸುಲಿನ್ ಬರೆದುಕೊಟ್ಟಿದ್ದರೂ, ಸೂಜಿಮದ್ದು ಮಗುವಿಗೆ ಇಳಿಯುತ್ತದೆಂದು ಅವಳ ಅತ್ತೆಯವರು ಹೆದರಿ, ಅದರ ಪೆಟ್ಟಿಗೆಯನ್ನು ಇನ್ನೂ ಒಡೆಯಲು ಬಿಟ್ಟಿಲ್ಲವೆಂದು ಬರೆದಿದ್ದೀಯೆ. ಕೋಲಾರದ ನನ್ನ ಮೆಡಿಕಲ್ ಸ್ಟೋರಿಗೆ ಬರುವ ಎಷ್ಟೋ ಮನೆಯವರಲ್ಲಿ ಈ ಭಯವನ್ನು ಕಂಡಿದ್ದೇನೆ. ಭಯ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಹೆದರಬೇಕಾದದ್ದು ಇನ್ಸುಲಿನ್‌ಗಲ್ಲ.

ತಾಯಿಯ ರಕ್ತವೂ ಮಗುವಿನ ರಕ್ತವೂ ನೇರವಾಗಿ ಬೆರೆಯುವುದಿಲ್ಲ. ಹೆರಿಗೆಯ ನಂತರ ಬೀಳುವ, ಸುಮಾರು ಅರ್ಧ ಕಿಲೋ ತೂಗುವ ಮಾಸಿನೊಳಗೆ ಮಗುವಿನ ರಕ್ತನಾಳಗಳು ಬೇರಿನ ಎಳೆಗಳಂತೆ ಕವಲೊಡೆದು ತಾಯಿಯ ರಕ್ತದಲ್ಲಿ ಮುಳುಗಿರುತ್ತವೆ. ನಡುವೆ ಇರುವುದು ಜೀವಕೋಶಗಳ ತೆಳುವಾದ ಪದರ. ಔಷಧಿಯ ಅಣು ಎಷ್ಟು ದೊಡ್ಡದು, ಕೊಬ್ಬಿನಲ್ಲಿ ಎಷ್ಟು ಕರಗುತ್ತದೆ, ರಕ್ತದ ಪ್ರೋಟೀನಿಗೆ ಎಷ್ಟು ಅಂಟಿಕೊಂಡಿದೆ ಎಂಬುದರ ಮೇಲೆ ಅದು ಆ ಪದರವನ್ನು ದಾಟುವುದು ನಿಂತಿದೆ. 500 ಡಾಲ್ಟನ್‌ಗಿಂತ (ಅಣುವಿನ ತೂಕ ಅಳೆಯುವ ಮಾನ) ಚಿಕ್ಕ ಅಣುಗಳು ಸಾಮಾನ್ಯವಾಗಿ ಸುಲಭವಾಗಿ ನುಸುಳುತ್ತವೆ, 1,000 ಮೀರಿದವುಗಳಿಗೆ ಅದು ಕಷ್ಟ. ಇನ್ಸುಲಿನ್ ಅಣುವಿನ ತೂಕ ಸುಮಾರು 5,800. ಅದು ಗಣನೀಯ ಪ್ರಮಾಣದಲ್ಲಿ ಮಗುವನ್ನು ತಲುಪುವುದೇ ಇಲ್ಲ. ಸೂಜಿಗಿಂತ ಮಾತ್ರೆಯೇ ವಾಸಿ ಎಂದು ಅತ್ತೆಯವರು ಹೇಳಿದರಂತಲ್ಲ, ಸಕ್ಕರೆ ಇಳಿಸುವ ಆ ಮೆಟ್‌ಫಾರ್ಮಿನ್ ಮಾತ್ರೆಯ ಅಣುವಿನ ತೂಕ ಬರೀ 129, ಅದು ಮಾಸನ್ನು ದಾಟುತ್ತದೆ. ಅದನ್ನೂ ವೈದ್ಯರು ಗರ್ಭಿಣಿಯರಿಗೆ ನೋಡಿ ಕೊಡುವುದುಂಟು, ಆದರೆ ಮಾತ್ರೆ ಎಂದ ಮಾತ್ರಕ್ಕೆ ಹಗುರವೆನ್ನುವುದು ಸರಿಯಲ್ಲ. (ಗಾತ್ರವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಇನ್ಸುಲಿನ್‌ಗಿಂತ ಎಷ್ಟೋ ಪಾಲು ದೊಡ್ಡದಾದ ರೋಗನಿರೋಧಕ ಪ್ರತಿಕಾಯಗಳನ್ನು ಮಾಸು ತಾನೇ ಹೊತ್ತು ಮಗುವಿಗೆ ಮುಟ್ಟಿಸುತ್ತದೆ. ಬಸುರಿಗೆ ಹಾಕಿಸಿದ ಧನುರ್ವಾಯು ಲಸಿಕೆ ಹಸುಗೂಸನ್ನು ಕಾಯುವುದು ಹೀಗೆ.)

ಸಕ್ಕರೆಯ ಮಾತೇ ಬೇರೆ. ಗ್ಲೂಕೋಸನ್ನು ದಾಟಿಸಲೆಂದೇ ಮಾಸಿನಲ್ಲಿ ವಿಶೇಷ ಪ್ರೋಟೀನುಗಳಿವೆ, ಹಾಗಾಗಿ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದಂತೆ ಮಗುವಿನಲ್ಲೂ ಏರುತ್ತದೆ. ತಾಯಿಯ ಇನ್ಸುಲಿನ್ ಬಾರದ ಕಾರಣ ಮಗುವಿನ ಮೇದೋಜೀರಕವೇ ಹೆಚ್ಚು ದುಡಿದು ತನ್ನದೇ ಇನ್ಸುಲಿನ್ ಸುರಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ವಿವರಿಸಿದ್ದು ಇದನ್ನೇ. ಮಗು ಅತಿಯಾಗಿ ದಪ್ಪವಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹುಟ್ಟಿದೊಡನೆ ತಾಯಿಯ ಸಕ್ಕರೆ ನಿಂತುಹೋಗಿ, ಮಗುವಿನ ಇನ್ಸುಲಿನ್ ಮಾತ್ರ ಉಳಿದು, ಅದರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸೂಜಿ ತಪ್ಪಿಸಿ ಮಗುವನ್ನು ಕಾಪಾಡುತ್ತಿದ್ದೇವೆಂದು ತಿಳಿದವರು ಈ ಸಕ್ಕರೆಯನ್ನೇ ಅದಕ್ಕೆ ಉಣಿಸುತ್ತಿರುತ್ತಾರೆ.

ಇನ್ನೊಂದು ಮಾತು. ಸೊಂಟನೋವೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಮಾತ್ರೆಯನ್ನು ಅವಳು ತಾನಾಗಿ ನುಂಗದಿರಲಿ. ಅವು ಮಾಸನ್ನು ದಾಟುತ್ತವೆ, ಈ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿ ತೆರೆದಿರಲೇಬೇಕಾದ ರಕ್ತನಾಳವೊಂದನ್ನು ಮುಚ್ಚಿಸಬಲ್ಲವು.

ಇನ್ಸುಲಿನ್ ಪೆಟ್ಟಿಗೆಯನ್ನು ಫ್ರೀಜರಿನಲ್ಲಿಡದೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಇನ್ಸುಲಿನ್‌ನಿಂದ ಸಕ್ಕರೆ ತೀರಾ ಇಳಿದು ಅವಳಿಗೆ ಬೆವರು, ಕೈನಡುಕ ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಭಾನುವಾರ ಮುಳಬಾಗಿಲಿಗೆ ಬಂದು ಅತ್ತೆಯವರೊಡನೆ ನಾನೇ ಮಾತನಾಡುತ್ತೇನೆ. ಆದರೆ ನೀನು ಅಲ್ಲಿಯವರೆಗೆ ಕಾಯದೆ ಇಂದೇ ವೈದ್ಯರಿಗೆ ಫೋನ್ ಮಾಡಿ, ತಪ್ಪಿದ ದಿನಗಳನ್ನು ಮರೆಮಾಚದೆ ತಿಳಿಸಿ, ಅವರು ಹೇಳಿದಷ್ಟು ಯೂನಿಟ್ ಶುರುಮಾಡಿಸು.

ನಿನ್ನ,
ವೆಂಕಟೇಶ